ಮುಗಿಯದ ಕಥೆಗಳ ಬಗ್ಗೆ ಶ್ರೀಧರನಿಗೆ

ಪ್ರಿಯ ಶ್ರೀಧರ,

ಎಮಿಲಿ ಕ್ಯಾರಲ್ ಅವರ ‘ಥ್ರೂ ದ ವುಡ್ಸ್’ ಎಂಬ ಹಾರರ್ ಕಾಮಿಕ್ಸ್ ಸಂಕಲನ ಓದಿ ನೀನು ಬರೆದ ಪತ್ರ ತಲುಪಿತು. ನೀನು ಕೇಳಿರುವುದು ಎರಡು ಪ್ರಶ್ನೆ. ಐದು ಕಥೆಗಳಲ್ಲಿ ಒಂದಕ್ಕೂ ನೆಟ್ಟಗೆ ಕೊನೆಯಿಲ್ಲದ ಈ ಪುಸ್ತಕವನ್ನು ಅಷ್ಟೊಂದು ಜನ ಹೊಗಳಿದ್ದೇಕೆ? ನಿಮ್ಮ ಪ್ರೌಢಶಾಲೆಯ ಗ್ರಂಥಾಲಯದ ಕಪಾಟಿನಲ್ಲಿ ಇದನ್ನು ಇಡಬಹುದೇ, ಪೋಷಕರು ಬಂದು ಕೇಳಿದರೆ ಏನು ಹೇಳುವುದು? ಮೊದಲನೆಯದಕ್ಕೆ ಪುಸ್ತಕದೊಳಗೇ ಉತ್ತರವಿದೆ. ಎರಡನೆಯದಕ್ಕೆ 1954ರ ನ್ಯೂಯಾರ್ಕ್‌ಗೆ ಹೋಗಿ, ಅಲ್ಲಿಂದ ನಮ್ಮದೇ ಸಂಸತ್ತಿನವರೆಗೆ ಬರಬೇಕು. ಪತ್ರ ಉದ್ದವಾಗುತ್ತದೆ, ಬಿಡುವು ಮಾಡಿಕೊಂಡು ಓದು.

ಈ ಪುಸ್ತಕ ಬಂದದ್ದು 2014ರಲ್ಲಿ. ಕ್ಯಾರಲ್ ಕೆನಡಾದವರು. ಇದರ ಮೂರನೆಯ ಕಥೆ ‘ಹಿಸ್ ಫೇಸ್ ಆಲ್ ರೆಡ್’ ಅನ್ನು ಅವರು 2010ರಲ್ಲೇ ಅಂತರ್ಜಾಲದಲ್ಲಿ ಪ್ರಕಟಿಸಿದ್ದರು, ಅವರ ಹೆಸರು ಹರಡಿದ್ದೂ ಅದರಿಂದಲೇ. ಅಮೆರಿಕದ ಕಾಮಿಕ್ಸ್ ಜಗತ್ತಿನಲ್ಲಿ ಬಹು ದೊಡ್ಡ ಗೌರವ ಎಂದರೆ ಐಸ್ನರ್ ಪ್ರಶಸ್ತಿ. 2015ರಲ್ಲಿ ಈ ಪುಸ್ತಕಕ್ಕೆ ಆ ಪ್ರಶಸ್ತಿ ಬಂತು, ಆದರೆ ಮರುಮುದ್ರಣಗಳ ವಿಭಾಗದಲ್ಲಿ. ಜಾಲದಲ್ಲಿ ಮೊದಲೇ ಬಂದಿದ್ದ ಕಥೆ ಇದರಲ್ಲಿ ಸೇರಿದ್ದರೂ ಇಡೀ ಪುಸ್ತಕವನ್ನು ಮರುಮುದ್ರಣದ ಸಾಲಿಗೆ ಸೇರಿಸಿದ್ದು ನನಗೆ ಇಂದಿಗೂ ಒಪ್ಪಿಗೆಯಾಗಿಲ್ಲ. ಅದೇ ವರ್ಷ ಅವರ ಇನ್ನೊಂದು ಕಥೆಗೆ ಅತ್ಯುತ್ತಮ ಸಣ್ಣಕಥೆಯ ಐಸ್ನರ್ ಸಿಕ್ಕಿತು. ಬ್ರಿಟಿಷ್ ಫ್ಯಾಂಟಸಿ ಪ್ರಶಸ್ತಿಯೂ ಈ ಪುಸ್ತಕಕ್ಕೆ ಬಂತು.

ಹೊಗಳಿಕೆಯ ಬಹುಪಾಲು ಚಿತ್ರಗಳಿಗೆ, ಕಥೆಗಳ ಅಜ್ಜಿಕಥೆಯಂಥ ಧಾಟಿಗೆ ಸಂದಿತು. ಸಾಮಾನ್ಯ ಓದುಗರ ದೂರು ನಿನ್ನದೇ ದೂರು: ಕಥೆ ಉಸಿರು ಬಿಗಿಹಿಡಿಸುತ್ತದೆ, ಬಳಿಕ ಥಟ್ಟನೆ ನಿಂತುಬಿಡುತ್ತದೆ. ಹೊಗಳಿದವರಲ್ಲಿ ಅನೇಕರು ಈ ನಿಲುಗಡೆಯನ್ನು ಸಹಿಸಿಕೊಳ್ಳಬೇಕಾದ ಗುಣ ಎಂಬಂತೆ ಕಂಡರು. ನನ್ನ ಮಟ್ಟಿಗೆ ಇಡೀ ಪುಸ್ತಕ ನಿಂತಿರುವುದೇ ಅದರ ಮೇಲೆ.

ಆ ಮೂರನೆಯ ಕಥೆಯನ್ನೇ ತೆಗೆದುಕೋ. ಊರಿನ ದನಕರುಗಳನ್ನು ಯಾವುದೋ ಮೃಗ ಕೊಲ್ಲುತ್ತಿದೆ. ಕಾಡಿಗೆ ಹೋಗುತ್ತೇನೆ ಎಂದು ಒಬ್ಬ ಎದ್ದು ನಿಲ್ಲುತ್ತಾನೆ, ಊರಿನವರು ನಗುತ್ತಾರೆ. ಅವನ ಅಣ್ಣ ತಾನೂ ಬರುತ್ತೇನೆ ಎಂದ ಮೇಲೆ ಯಾರೂ ನಗುವುದಿಲ್ಲ. ಕಾಡಿನಲ್ಲಿ ಮೃಗವನ್ನು ಕೊಂದವನು ಅಣ್ಣ. ತಮ್ಮ ಅಣ್ಣನನ್ನು ಕೊಂದು ಒಂದು ಗುಂಡಿಗೆ ಎಸೆದು, ಮೃಗವನ್ನು ಕೊಂದವನು ತಾನು ಎಂದು ಊರಿಗೆ ಬಂದು ಹೇಳುತ್ತಾನೆ. ಮೂರು ದಿನಗಳ ಬಳಿಕ ಅಣ್ಣ ಕಾಡಿನಿಂದ ನಡೆದುಬರುತ್ತಾನೆ. ನಗುತ್ತಾನೆ, ಎಲ್ಲರೊಡನೆ ಚೆನ್ನಾಗಿರುತ್ತಾನೆ, ಏನೊಂದನ್ನೂ ಕೇಳುವುದಿಲ್ಲ. ಕೊನೆಗೆ ತಾಳಲಾರದೆ ತಮ್ಮ ಆ ಗುಂಡಿಗೆ ಇಳಿಯುತ್ತಾನೆ. ಅಣ್ಣನ ದೇಹ ಅಲ್ಲೇ ಇದೆ. ಅದು ನಿಧಾನವಾಗಿ ಈ ಕಡೆಗೆ ತಿರುಗತೊಡಗುತ್ತದೆ. ಕಥೆ ಅಲ್ಲಿಗೆ ನಿಲ್ಲುತ್ತದೆ.

ಮನೆಗೆ ಬಂದವನು ಯಾರು, ಗುಂಡಿಯಲ್ಲಿರುವವನು ಯಾರು ಎಂದು ನೀನು ಕೇಳಿದ್ದೀಯೆ. ಈ ಪ್ರಶ್ನೆಗೆ ಕ್ಯಾರಲ್ ಉತ್ತರ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ ನೋಡು. ಬಂದವನು ದೆವ್ವ ಎಂದಿದ್ದರೆ ತಪ್ಪೆಲ್ಲ ದೆವ್ವದ ಮೇಲೆ ಹೋಗುತ್ತಿತ್ತು. ತಮ್ಮನಿಗೆ ಹುಚ್ಚು ಹಿಡಿದಿದೆ ಎಂದಿದ್ದರೆ ನಾವು ಅವನಿಗಾಗಿ ಮರುಗಿ ಪುಸ್ತಕ ಮುಚ್ಚುತ್ತಿದ್ದೆವು. ಎರಡರಲ್ಲೂ ಕೊಲೆ ಹಿಂದೆ ಸರಿದುಹೋಗುತ್ತದೆ. ಈಗ ಅದು ಸರಿಯುವುದಿಲ್ಲ, ಏಕೆಂದರೆ ನಮಗೆ ಖಚಿತವಾಗಿ ತಿಳಿದಿರುವುದು ಅದೊಂದೇ. ಆ ಊರಿನಲ್ಲಿ ಕೊಲೆಗಾರನ ಗುರುತು ಬಲ್ಲವರು ಇಬ್ಬರು, ಅವನು ಮತ್ತು ನಾವು. ಬಂದವನಿಗೂ ಗೊತ್ತಿದೆಯೇ ಎಂಬ ಅನುಮಾನವೇ ಅವನನ್ನು ತಿನ್ನುತ್ತದೆ. ಅಣ್ಣ ಒಂದು ಸಲ ಬೈದಿದ್ದರೆ, ಹೊಡೆದಿದ್ದರೆ ತಮ್ಮನಿಗೆ ಎಷ್ಟೋ ನಿರಾಳವಾಗುತ್ತಿತ್ತು. ಸುಮ್ಮನೆ ನಗುವ ಅಣ್ಣನ ಎದುರಿಗೆ ಅವನಿಗೆ ಉಳಿಗಾಲವಿಲ್ಲ.

ಇದೇ ಕಥೆಯ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಜಾಲದಲ್ಲಿ ಓದುವಾಗ ಗುಂಡಿಗೆ ಇಳಿಯುವ ಚಿತ್ರ ಉದ್ದಕ್ಕೆ ಕೆಳಗೆ ಸಾಗುತ್ತದೆ. ಓದುವವನೇ ಬೆರಳಿನಿಂದ ಪುಟವನ್ನು ಜಾರಿಸಿ ಜಾರಿಸಿ ಕತ್ತಲೆಗೆ ಇಳಿಯಬೇಕು. ಮುದ್ರಣದಲ್ಲಿ ಆ ಇಳಿತ ಹಾಳೆಯ ಅಳತೆಗೆ ಒಳಪಡಲೇಬೇಕಾಯಿತು. ಅಷ್ಟರಮಟ್ಟಿಗೆ ಪುಸ್ತಕಕ್ಕೆ ನಷ್ಟವಾಗಿದೆ. ಆದರೆ ಹಾಳೆ ಮಗುಚುವ ಕ್ಷಣ ಪುಸ್ತಕಕ್ಕೆ ಮಾತ್ರ ಸಾಧ್ಯ, ಉಳಿದ ಕಥೆಗಳಲ್ಲಿ ಕ್ಯಾರಲ್ ಅದನ್ನು ಬಿಡದೆ ದುಡಿಸಿಕೊಂಡಿದ್ದಾರೆ. ಅಕ್ಷರಗಳನ್ನೂ ಅವರು ಚಿತ್ರದ ಭಾಗವಾಗಿಯೇ ಬರೆಯುತ್ತಾರೆ. ಎರಡನೆಯ ಕಥೆಯಲ್ಲಿ ಹೊಸ ಮದುಮಗಳಿಗೆ ರಾತ್ರಿ ಗೋಡೆಯೊಳಗಿಂದ ಹಾಡು ಕೇಳುತ್ತದಲ್ಲ, ಆ ಹಾಡಿನ ಸಾಲುಗಳು ಚೌಕಟ್ಟುಗಳನ್ನು ದಾಟಿ ಬಳುಕುತ್ತ ಕೋಣೆಯಿಂದ ಕೋಣೆಗೆ ಹರಿಯುತ್ತವೆ. ಕಾಮಿಕ್ಸ್‌ಗೆ ದನಿಯಿಲ್ಲ. ಆದರೂ ಆ ಪುಟಗಳಲ್ಲಿ ಹಾಡು ಯಾವ ಗೋಡೆಯ ಹತ್ತಿರ ಜೋರಾಗಿದೆ ಎಂದು ಕಣ್ಣಿಗೇ ಗೊತ್ತಾಗುತ್ತದೆ. ನೀನು ಕಥೆಯ ಹಿಂದೆ ಓಡಿದ್ದರಿಂದ ಅದನ್ನು ಗಮನಿಸಲಿಲ್ಲವೇನೋ, ಆ ಪುಟಗಳಿಗೆ ದಯವಿಟ್ಟು ಇನ್ನೊಮ್ಮೆ ಹೋಗು. ಆ ಮದುಮಗಳು ಗೋಡೆಗಳನ್ನು ಒಡೆದು, ಹಿಂದಿನವಳ ತುಂಡುಗಳನ್ನು ಹುಡುಕಿ ತೆಗೆದು, ರಿಬ್ಬನ್ ಕಟ್ಟಿ ಜೋಡಿಸುತ್ತಾಳೆ. ಎದ್ದುಬಂದವಳಲ್ಲಿ ಕೃತಜ್ಞತೆಯ ಸುಳಿವೂ ಇಲ್ಲ. ಅನ್ಯಾಯಕ್ಕೆ ಒಳಗಾದವಳು ಒಳ್ಳೆಯವಳೇ ಆಗಿರಬೇಕೆಂಬ ನಮ್ಮ ನಿರೀಕ್ಷೆಯನ್ನು ಈ ಕಥೆ ಪೂರೈಸುವುದಿಲ್ಲ.

ಎಲ್ಲ ಕಥೆಗಳೂ ಇದೇ ಎತ್ತರದಲ್ಲಿಲ್ಲ. ‘ಮೈ ಫ್ರೆಂಡ್ ಜಾನಾ’ ನನಗೆ ತೆಳುವೆನಿಸಿತು. ಅಲ್ಲಿ ಕೊನೆಯನ್ನು ಬಿಟ್ಟಿರುವುದು ನಿಜವಾಗಿಯೂ ಕೈಬಿಟ್ಟಂತೆಯೇ ಕಾಣುತ್ತದೆ, ಆ ಮಟ್ಟಿಗೆ ನಿನ್ನ ದೂರನ್ನು ಒಪ್ಪುತ್ತೇನೆ. ‘ದ ನೆಸ್ಟಿಂಗ್ ಪ್ಲೇಸ್’ನಲ್ಲಿ ಅತ್ತಿಗೆಯಾಗಲಿರುವವಳ ದೇಹದೊಳಗೆ ಗೂಡು ಕಟ್ಟಿರುವುದು ಕಣ್ಣಿಗೆ ಕಂಡೇಬಿಡುವುದರಿಂದ ಭಯ ಸ್ವಲ್ಪ ಇಳಿದು ಅಸಹ್ಯ ಮೇಲೇರುತ್ತದೆ.

ನಮ್ಮ ಕಾವ್ಯಮೀಮಾಂಸೆ ಭಯಾನಕವನ್ನೂ ಬೀಭತ್ಸವನ್ನೂ ಎರಡು ರಸಗಳಾಗಿ ಬೇರೆಯಾಗಿಟ್ಟದ್ದು ಎಷ್ಟು ಸರಿ ಎಂದು ಇಂಥಲ್ಲಿ ಅರಿವಾಗುತ್ತದೆ. ಒಂದಕ್ಕೆ ಸ್ಥಾಯಿ, ಅಂದರೆ ಬುಡದಲ್ಲಿರುವ ಭಾವ, ಭಯ; ಇನ್ನೊಂದಕ್ಕೆ ಜುಗುಪ್ಸೆ, ಅಂದರೆ ಅಸಹ್ಯ. ಹಾರರ್ ಕಾಮಿಕ್ಸ್ ಬಗ್ಗೆ ನಡೆದ ಜಗಳಗಳಲ್ಲಿ ಬಹುಪಾಲು ಈ ಎರಡನ್ನೂ ಒಂದೇ ಎಂದು ಎಣಿಸಿದ್ದರಿಂದ ಆದವು.

ಈಗ ನಿನ್ನ ಎರಡನೆಯ ಪ್ರಶ್ನೆ. 1954ರಲ್ಲಿ ನ್ಯೂಯಾರ್ಕ್‌ನ ಮನೋವೈದ್ಯ ಫ್ರೆಡ್ರಿಕ್ ವರ್ದಮ್, ಕಾಮಿಕ್ಸ್ ಮಕ್ಕಳನ್ನು ಅಪರಾಧಿಗಳಾಗಿ ಮಾಡುತ್ತಿದೆ ಎಂದು ಒಂದು ಪುಸ್ತಕ ಬರೆದ. ಅವನು ಕೆಟ್ಟವನಲ್ಲ. ಹಾರ್ಲೆಮ್‌ನಲ್ಲಿ ಕರಿಯ ಜನರಿಗಾಗಿ ಮಾನಸಿಕ ಚಿಕಿತ್ಸಾಲಯ ನಡೆಸಿದವನು, ಶಾಲೆಗಳಲ್ಲಿ ವರ್ಣಭೇದವನ್ನು ವಿರೋಧಿಸಿ ಸಾಕ್ಷಿ ನುಡಿದವನು. ಅದೇ ವರ್ಷ ಏಪ್ರಿಲ್ 21ರಂದು ಅಮೆರಿಕದ ಸೆನೆಟ್ಟಿನ ಉಪಸಮಿತಿಯೊಂದು ವಿಚಾರಣೆ ನಡೆಸಿತು. ಇಸಿ ಕಾಮಿಕ್ಸ್‌ನ ಪ್ರಕಾಶಕ ವಿಲಿಯಂ ಗೇನ್ಸ್‌ಗೆ ಸೆನೆಟರ್ ಎಸ್ಟೆಸ್ ಕೆಫಾವರ್ ಒಂದು ಮುಖಪುಟ ತೋರಿಸಿದ. ಕೊಡಲಿ ಹಿಡಿದವನ ಕೈಯಲ್ಲಿ ಹೆಂಗಸಿನ ಕತ್ತರಿಸಿದ ತಲೆ. ಇದು ಸದಭಿರುಚಿಯೇ ಎಂದು ಕೇಳಿದ. ಹಾರರ್ ಕಾಮಿಕ್ಸ್‌ನ ಮುಖಪುಟವಾಗಿ ಹೌದು ಎಂದ ಗೇನ್ಸ್. ತಲೆಯನ್ನು ಇನ್ನಷ್ಟು ಮೇಲೆತ್ತಿ ಕುತ್ತಿಗೆಯಿಂದ ರಕ್ತ ತೊಟ್ಟಿಕ್ಕುವುದನ್ನು ತೋರಿಸಿದ್ದರೆ ಅದು ಕೀಳಭಿರುಚಿಯಾಗುತ್ತಿತ್ತು ಎಂದೂ ವಿವರಿಸಿದ. ಆ ಉತ್ತರವೇ ಅವನಿಗೆ ಮುಳುವಾಯಿತು. ವರ್ಷ ಮುಗಿಯುವುದರೊಳಗೆ ಪ್ರಕಾಶಕರೇ ಸೇರಿ ಕಾಮಿಕ್ಸ್ ಸಂಹಿತೆಯೊಂದನ್ನು ರೂಪಿಸಿಕೊಂಡರು. ಶೀರ್ಷಿಕೆಯಲ್ಲಿ ‘ಹಾರರ್’, ‘ಟೆರರ್’ ಎಂಬ ಪದಗಳಿಗೆ ನಿಷೇಧ, ರಕ್ತಪಿಶಾಚಿಗಳಿಗೆ ನಿಷೇಧ, ನಡೆದಾಡುವ ಹೆಣಗಳಿಗೆ ನಿಷೇಧ. ರಕ್ತಪಿಶಾಚಿಗಳಿಗೆ ಮತ್ತೆ ಅನುಮತಿ ಸಿಕ್ಕಿದ್ದು 1971ರಲ್ಲಿ. ಆ ಸಂಹಿತೆಯನ್ನು ಕೊನೆಯ ಪ್ರಕಾಶಕರೂ ಕೈಬಿಟ್ಟದ್ದು 2011ರಲ್ಲಿ.

ವರ್ದಮ್‌ನ ಕಾಗದಪತ್ರಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸಂಶೋಧಕರಿಗೆ ತೆರೆದುಕೊಂಡ ಮೇಲೆ ಕ್ಯಾರಲ್ ಟಿಲ್ಲಿ ಎಂಬ ವಿದ್ವಾಂಸೆ ಅವನ್ನು ಪರಿಶೀಲಿಸಿ 2012ರಲ್ಲಿ ಒಂದು ಲೇಖನ ಪ್ರಕಟಿಸಿದರು. ಮಕ್ಕಳ ಹೇಳಿಕೆಗಳನ್ನು ವರ್ದಮ್ ತನಗೆ ಬೇಕಾದಂತೆ ತಿದ್ದಿದ್ದ, ಬೆರೆಸಿದ್ದ, ಕೆಲವನ್ನು ಬಿಟ್ಟಿದ್ದ ಎಂದು ಅವರು ಮೂಲದೊಂದಿಗೆ ಹೋಲಿಸಿ ತೋರಿಸಿದರು. ಇದನ್ನು ಓದಿ ನನಗೆ ಸಿಟ್ಟಿಗಿಂತ ದುಃಖವೇ ಹೆಚ್ಚಾಯಿತು. ಮಕ್ಕಳ ಪರವಾಗಿ ಮಾತನಾಡಲು ಹೊರಟವನು ಮಕ್ಕಳ ಮಾತನ್ನೇ ಬದಲಿಸಿದ್ದ.

ಅದೇ 1954ರ ಸೆಪ್ಟೆಂಬರಿನಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೊದಲ್ಲಿ ನೂರಾರು ಮಕ್ಕಳು ಸ್ಮಶಾನಕ್ಕೆ ನುಗ್ಗಿದರು. ಕಬ್ಬಿಣದ ಹಲ್ಲಿನ ರಕ್ತಪಿಶಾಚಿಯೊಂದು ಇಬ್ಬರು ಹುಡುಗರನ್ನು ತಿಂದಿದೆ ಎಂದು ಸುದ್ದಿ ಹಬ್ಬಿತ್ತು, ಮಕ್ಕಳು ಅದನ್ನು ಬೇಟೆಯಾಡಲು ಬಂದಿದ್ದರು. ದೊಡ್ಡವರು ಅಮೆರಿಕದ ಕಾಮಿಕ್ಸ್ ಕಡೆಗೆ ಬೆರಳು ತೋರಿಸಿದರು. ಕಬ್ಬಿಣದ ಹಲ್ಲಿನ ಮೃಗ ಬೈಬಲ್ಲಿನ ದಾನಿಯೇಲನ ಗ್ರಂಥದಲ್ಲೇ ಇದೆ, ಆ ನಾಡಿನ ಹಳೆಯ ಪದ್ಯವೊಂದರಲ್ಲೂ ಕಬ್ಬಿಣದ ಹಲ್ಲಿನವಳು ಬರುತ್ತಾಳೆ. ನಮ್ಮ ಊರುಗಳಲ್ಲಿ ಮನೆಮನೆಯ ಬಾಗಿಲಿಗೆ ‘ನಾಳೆ ಬಾ’ ಎಂದು ಬರೆದ ಕಾಲ ನಿನಗೂ ನೆನಪಿರಬೇಕು. ಅದಕ್ಕೆ ಯಾವ ಕಾಮಿಕ್ಸೂ ಬೇಕಾಗಿರಲಿಲ್ಲ. ಬಾಗಿಲು ತಟ್ಟುವವಳು ಯಾರು, ಅವಳಿಗೆ ಏನಾಗಿತ್ತು ಎಂದು ಯಾರೂ ಪೂರ್ತಿ ಹೇಳಲಿಲ್ಲ, ಅದಕ್ಕೇ ಆ ಸುದ್ದಿ ಅಷ್ಟು ದೂರ ನಡೆಯಿತು.

ಬ್ರಿಟನ್ 1955ರಲ್ಲಿ ಇಂಥ ಪ್ರಕಟಣೆಗಳ ವಿರುದ್ಧ ಕಾನೂನು ಮಾಡಿತು. ಮರುವರ್ಷ, 1956ರಲ್ಲಿ, ಭಾರತದ ಸಂಸತ್ತು ಯಂಗ್ ಪರ್ಸನ್ಸ್ (ಹಾರ್ಮ್‌ಫುಲ್ ಪಬ್ಲಿಕೇಷನ್ಸ್) ಕಾಯ್ದೆಯನ್ನು ಅಂಗೀಕರಿಸಿತು. ಚಿತ್ರಗಳ ಮೂಲಕ ಹೇಳಿದ ಕಥೆಗಳನ್ನು ಅದು ಹೆಸರಿಸಿಯೇ ಹೇಳುತ್ತದೆ. ಅಪರಾಧ, ಹಿಂಸೆ, ಕ್ರೌರ್ಯ, ಜುಗುಪ್ಸೆ ಹುಟ್ಟಿಸುವ ಅಥವಾ ಭೀಕರವಾದ ಘಟನೆಗಳನ್ನು ಮುಖ್ಯವಾಗಿ ಚಿತ್ರಿಸಿ, ಒಟ್ಟಾರೆಯಾಗಿ ಇಪ್ಪತ್ತು ವರ್ಷದೊಳಗಿನವರನ್ನು ಕೆಡಿಸುವಂತಿರುವ ಪ್ರಕಟಣೆ ಅದರ ಪ್ರಕಾರ ಹಾನಿಕರ. ಮಾರಿದವರಿಗೆ ಆರು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ಪೋಷಕರು ಕೇಳಿದರೆ ಈ ಕಾಯ್ದೆಯನ್ನು ಮುಚ್ಚಿಡಬೇಡ, ನೀನೇ ಮೊದಲು ಹೇಳು. ‘ಒಟ್ಟಾರೆಯಾಗಿ’ ಎಂಬ ಷರತ್ತು ಅದರಲ್ಲೇ ಇದೆ. ಕತ್ತರಿಸಿದ ಕೈಯ ಒಂದು ಚಿತ್ರವನ್ನು ಎತ್ತಿ ತೋರಿಸಿದರೆ ಸಾಲದು, ಪುಸ್ತಕ ಇಡಿಯಾಗಿ ಏನು ಮಾಡುತ್ತದೆ ಎಂದು ನೋಡಬೇಕು. ಈ ಪುಸ್ತಕ ಇಡಿಯಾಗಿ ಮಾಡುವುದು ಏನೆಂದರೆ, ಕೊಂದವನಿಗೆ ನೆಮ್ಮದಿ ಕೊಡುವುದಿಲ್ಲ. ಅಣ್ಣನನ್ನು ಕೊಂದವನ ನಿದ್ದೆಯಿಲ್ಲದ ರಾತ್ರಿಗಳನ್ನು ಓದಿ ಯಾವ ಹುಡುಗನೂ ಕೊಲೆಯ ಕಡೆಗೆ ಆಕರ್ಷಿತನಾಗುವುದಿಲ್ಲ.

ಇನ್ನೊಂದನ್ನೂ ಹೇಳು. ಸೆನೆಟ್ ವಿಚಾರಣೆ ನಡೆದದ್ದು 1954ರಲ್ಲಿ, ಈ ಪುಸ್ತಕ ಬಂದದ್ದು 2014ರಲ್ಲಿ. ನಡುವೆ ಅರವತ್ತು ವರ್ಷ. ಇದನ್ನು ಪ್ರಕಟಿಸಿದ್ದು ಸೈಮನ್ ಅಂಡ್ ಶುಸ್ಟರ್ ಸಂಸ್ಥೆಯ ಮಕ್ಕಳ ಪುಸ್ತಕಗಳ ವಿಭಾಗವೇ, ಹದಿಹರೆಯದವರಿಗಾಗಿಯೇ. ಯಾವುದನ್ನು ಮಕ್ಕಳ ಹೆಸರಿನಲ್ಲಿ ಅಂಗಡಿಗಳಿಂದ ತೆಗೆಸಿದರೋ ಅದೇ ಬಗೆಯ ಕಲೆಯನ್ನು ಮಕ್ಕಳ ಪ್ರಕಾಶಕರೇ ತಂದರು, ವಿಮರ್ಶಕರು ಮನಸಾರೆ ಬರಮಾಡಿಕೊಂಡರು. ಈ ಪುಸ್ತಕಕ್ಕೆ ಸಿಕ್ಕ ಸ್ವಾಗತದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದು.

ಹಾಗಾಗಿ ನನ್ನ ಉತ್ತರ: ಇಡು. ಆದರೆ ಒಂಬತ್ತು, ಹತ್ತನೆಯ ತರಗತಿಯವರಿಗೆ ಮಾತ್ರ. ಎಂಟನೆಯವರು ಕೇಳಿದರೆ ಕೊಡುವ ಮೊದಲು ಅವರ ಮನೆಯವರೊಡನೆ ಮಾತನಾಡು. ಇತ್ತೀಚೆಗೆ ಮನೆಯಲ್ಲಿ ಸಾವು ಕಂಡ ಮಗುವಿಗೆ ಮೊದಲ ಕಥೆಯನ್ನು ನೀನಾಗಿ ಕೊಡಬೇಡ. ಅಪ್ಪ ಬೇಟೆಗೆ ಹೋಗಿ ಮರಳದ ಮನೆಯಲ್ಲಿ ಅಕ್ಕತಂಗಿಯರು ಒಬ್ಬೊಬ್ಬರಾಗಿ ಕಾಣೆಯಾಗುವುದು ಅಂಥವರಿಗೆ ಭಾರವಾದೀತು. ಇಂಗ್ಲಿಷ್ ಕಷ್ಟವಾಗಲಾರದು, ವಾಕ್ಯಗಳು ಚಿಕ್ಕವು. ಮಕ್ಕಳು ಓದಿದ ಮೇಲೆ ಕೊನೆ ಏನಾಯಿತು ಎಂದು ಕೇಳಬೇಡ. ತಮ್ಮ ಗುಂಡಿಗೆ ಇಳಿಯದೇ ಇದ್ದಿದ್ದರೆ ಅವನು ಹೇಗೆ ಬದುಕುತ್ತಿದ್ದ ಎಂದು ಕೇಳು, ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ನನಗೆ ಬರೆ.

ಕ್ಯಾರಲ್ 2023ರಲ್ಲಿ ‘ಎ ಗೆಸ್ಟ್ ಇನ್ ದ ಹೌಸ್’ ಎಂಬ ಒಂದೇ ದೀರ್ಘ ಕಥೆಯ ಪುಸ್ತಕ ತಂದಿದ್ದಾರೆ. ಮುಂದಿನ ವಾರ ಅಂಚೆಯಲ್ಲಿ ಕಳುಹಿಸುತ್ತೇನೆ. ಅದು ದೊಡ್ಡವರಿಗಾಗಿ ಬರೆದದ್ದು, ಶಾಲೆಗೆ ಒಯ್ಯಬೇಡ, ಮನೆಯಲ್ಲಿಟ್ಟುಕೊಂಡು ಓದು.

ಮನೆಯವರಿಗೆಲ್ಲ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ,
ರಘು