ಮೊದಲು ಭಾವನವರಿಗೆ

ಎಎಫ್‌ಸಿ ‘ಸಿ’ ಲೈಸೆನ್ಸ್ (ಏಷ್ಯಾದ ಫುಟ್‌ಬಾಲ್ ಒಕ್ಕೂಟದ ತರಬೇತುದಾರ ಪರವಾನಗಿ) ನನಗೆ ಬಂದ ಸುದ್ದಿ ತಿಳಿದು ಫೋನ್ ಮಾಡಿದವರಿಗೆ, ಬಂಗಾರಪೇಟೆಯ ಮನೆಯವರೆಗೂ ಬಂದು ಹಾರೈಸಿದವರಿಗೆ ಕೈಮುಗಿಯುತ್ತೇನೆ. ಹದಿನಾರು ವರ್ಷ ಊರೂರು ಸುತ್ತಿ ಆಡಿದವನು ಇನ್ನು ಮುಂದೆ ನಮ್ಮ ಊರಿನ ಮಕ್ಕಳಿಗೆ ಆಟ ಕಲಿಸುತ್ತೇನೆ.

ಗಣಿ ಮುಚ್ಚಿದ 2001ರಲ್ಲಿ, ತಮ್ಮ ಮನೆಗಳಲ್ಲೇ ಒಲೆ ಉರಿಯುವುದು ಕಷ್ಟವಾಗಿದ್ದಾಗಲೂ, ಗಣಿ ತ್ಯಾಜ್ಯದ ಸೈನೈಡ್ ದಿಬ್ಬದ ಪಕ್ಕದ ಮೈದಾನದಲ್ಲಿ ನನ್ನನ್ನು ತಂಡಕ್ಕೆ ಸೇರಿಸಿಕೊಂಡ ಕೆಜಿಎಫ್‌ನ ಅಣ್ಣಂದಿರು, ಬೆಂಗಳೂರಿನ ಲೀಗ್ ಪಂದ್ಯಗಳ ದಿನ ನಸುಕಿನಲ್ಲೇ ಎದ್ದು ಬುತ್ತಿ ಕಟ್ಟಿಕೊಟ್ಟ ಅಮ್ಮ, ಗೋವಾದಲ್ಲಿ ಕೋಣೆ ಹಂಚಿಕೊಂಡವರು, ಕೋಲ್ಕತ್ತದ ಮಳೆಗಾಲದ ಕೆಸರಿನಲ್ಲಿ ಚೆಂಡು ನಿಲ್ಲಿಸುವುದನ್ನು ತೋರಿಸಿಕೊಟ್ಟ ಹಿರಿಯರು, ಇವರೆಲ್ಲರ ಋಣ ನನ್ನ ಮೇಲಿದೆ.

ಭಾವನವರ ಬಗ್ಗೆ ಮಾತ್ರ ಒಂದು ಸಾಲಿನಲ್ಲಿ ಬರೆದು ಮುಗಿಸಲು ನನ್ನಿಂದಾಗದು.

ಕೇರಳದ ಮಲಪ್ಪುರಂನಲ್ಲಿ ಸೆವೆನ್ಸ್, ಅಂದರೆ ಏಳೇಳು ಜನರ ಫುಟ್‌ಬಾಲ್, ಪಂದ್ಯದಲ್ಲಿ ನನ್ನ ಮೊಣಕಾಲಿಗೆ ಪೆಟ್ಟಾದದ್ದು ನಿಮಗೆಲ್ಲ ಗೊತ್ತು. ಆಡಲು ಕರೆಸಿಕೊಂಡಿದ್ದವರು ಆಸ್ಪತ್ರೆಯ ಬಾಗಿಲಲ್ಲಿ ಇಳಿಸಿ ಹೋದರು, ಮತ್ತೆ ಬರಲಿಲ್ಲ. ಮರುದಿನ ಸಂಜೆ ಕಣ್ಣು ಬಿಟ್ಟರೆ ಎದುರಿಗೆ ಭಾವ! ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವವರು; ಅಂಗಿಯ ಜೇಬಿನಲ್ಲಿ ಮಂಡಿಯ ಚೀಟಿಗಳು ಹಾಗೆಯೇ ಇದ್ದವು. ಕೈಚೀಲದಲ್ಲಿ ಅಕ್ಕ ಹುರಿದುಕೊಟ್ಟ ಕಡಲೆಕಾಯಿ.

ಆ ರಾತ್ರಿ ಎರಡು ಗಂಟೆಯ ಹೊತ್ತಿಗೆ, “ಬೂಟುಗಳನ್ನು ಯಾರಿಗಾದರೂ ಕೊಟ್ಟುಬಿಡಿ ಭಾವ, ನನ್ನದು ಮುಗಿಯಿತು” ಎಂದು ಅತ್ತೆ. ಅಪ್ಪ ತೀರಿಕೊಂಡಾಗಲೂ ಹಾಗೆ ಅತ್ತಿರಲಿಲ್ಲ. ಅವರು ಸಮಾಧಾನದ ಮಾತೇ ಆಡಲಿಲ್ಲ. ಬೂಟುಗಳನ್ನು ನಲ್ಲಿಗೆ ಒಯ್ದು ತೊಳೆದರು. ಸ್ಟಡ್‌ಗಳ ಸಂದಿಯಲ್ಲಿ ಗಟ್ಟಿಯಾಗಿದ್ದ ಮಣ್ಣನ್ನು ಬೆಂಕಿಕಡ್ಡಿಯಿಂದ ಕೆರೆದು ತೆಗೆದು, ಕಿಟಕಿಯ ಸರಳಿಗೆ ತೂಗುಹಾಕಿದರು. ಆಮೇಲೆ ಮಂಚದ ಅಂಚಿನಲ್ಲಿ ಕುಳಿತು, “ಈ ಆಫ್‌ಸೈಡ್ ಎಂದರೇನು? ಇಷ್ಟು ವರ್ಷ ಕೇಳಲು ಸಂಕೋಚವಾಗಿತ್ತು” ಎಂದರು.

ಏಳು ಜನರ ಆಟದಲ್ಲಿ ಅದಿಲ್ಲ, ಹನ್ನೊಂದು ಜನರ ಆಟದಲ್ಲಿದೆ ಎಂದೆ. ಹೊದಿಕೆಯ ಮೇಲೆ ಕಡಲೆಕಾಯಿಗಳನ್ನು ಜೋಡಿಸಿದೆ. ನಮ್ಮವನು ಚೆಂಡನ್ನು ಒದ್ದ ಕ್ಷಣದಲ್ಲಿ ಮುಂದಿನವನು ಎಲ್ಲಿದ್ದ ಎಂಬುದೇ ಲೆಕ್ಕ, ಚೆಂಡು ಅವನನ್ನು ತಲುಪಿದ ಕ್ಷಣದಲ್ಲಿ ಅಲ್ಲ. ಅವರು ಮತ್ತೆ ಮತ್ತೆ ಕೇಳಿದರು. ನಾನು ಕಾಯಿಗಳನ್ನು ಸರಿಸಿ ಸರಿಸಿ ಹೇಳಿದೆ. ಬೆಳಗಾದದ್ದೇ ತಿಳಿಯಲಿಲ್ಲ.

ಕರ್ನಾಟಕ 54 ವರ್ಷಗಳ ನಂತರ ರಾಜ್ಯ ತಂಡಗಳ ರಾಷ್ಟ್ರೀಯ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದದ್ದು 2023ರ ಮಾರ್ಚ್ 4ರಂದು, ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ. ಭಾವ ನನ್ನ ಪಕ್ಕದಲ್ಲೇ ಕುಳಿತು ನೋಡಿದರು. ಪಂದ್ಯ ಮುಗಿದ ಮೇಲೆ, “ಅಂದು ನನಗೆ ಹೇಳಿದ ಹಾಗೆ ಹುಡುಗರಿಗೂ ಹೇಳಿಕೊಡು” ಎಂದರು. ‘ಸಿ’ಗೂ ಮೊದಲಿನ ಮೆಟ್ಟಿಲಾದ ‘ಡಿ’ ಲೈಸೆನ್ಸ್ ತರಬೇತಿಗೆ ಅರ್ಜಿ ಹಾಕಿದೆ. ಶುಲ್ಕ ಕಟ್ಟಿದವರು ಯಾರೆಂದು ಹೇಳಬೇಕಿಲ್ಲ.

ಭಾವ, ಭಾನುವಾರ ಬೆಳಿಗ್ಗೆ ಆರಕ್ಕೆ ಹೊಸ ಮಕ್ಕಳ ಮೊದಲ ಅಭ್ಯಾಸ. ನೀವು ಬರಲೇಬೇಕು. ಬರುವಾಗ ಅಕ್ಕನ ಕೈಯಿಂದ ಕಡಲೆಕಾಯಿ ಹುರಿಸಿಕೊಂಡು ಬನ್ನಿ.