ಮಂಗಳೂರಿಗೆ ಹೋದರೆ ಬಾವುಟಗುಡ್ಡೆ ಹತ್ತಿಸಿ

ಮಾನ್ಯರೇ,

ಡಿಸೆಂಬರ್ ಬಂತೆಂದರೆ ಶಿವಮೊಗ್ಗದ ಶಾಲೆಗಳ ಪ್ರವಾಸದ ಬಸ್ಸುಗಳು ಘಟ್ಟ ಇಳಿಯುತ್ತವೆ. ಮಂಗಳೂರಿನಲ್ಲಿ ಪಣಂಬೂರು ಬೀಚು, ಪಿಲಿಕುಳ, ಕದ್ರಿ ದೇವಸ್ಥಾನ ನೋಡಿಸಿ ವಾಪಸ್ ಕರೆತರುತ್ತಾರೆ. ಊರ ನಡುವೆಯೇ ಇರುವ ಬಾವುಟಗುಡ್ಡೆ ಯಾರಿಗೂ ನೆನಪಾಗುವುದಿಲ್ಲ. ನಾನು ಹುಟ್ಟಿ ಬೆಳೆದದ್ದು ಅಲ್ಲೇ. ಸಂಜೆ ಠಾಗೋರ್ ಪಾರ್ಕಿನಲ್ಲಿ ಕೂತರೆ ಹೆಂಚಿನ ಮಾಡುಗಳಾಚೆ ಕಡಲು ಕಾಣುತ್ತಿತ್ತು.

ಈಗ ಜಾಸ್ತಿ ಜನ ಲೈಟ್‌ಹೌಸ್ ಹಿಲ್ ಎನ್ನುತ್ತಾರೆ. ಹಳೇ ದೀಪಸ್ತಂಭ ಇನ್ನೂ ಇದೆ, ಆ ಹೆಸರೂ ತಪ್ಪಲ್ಲ. ಆದರೆ ಬಾವುಟಗುಡ್ಡೆ ಎಂಬ ಹೆಸರು ಸುಮ್ನೆ ಬಂದದ್ದಲ್ಲ. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಕೊಡಗನ್ನು ನುಂಗಿದರು. ಕೊಡಗಿಗೆ ಸೇರಿದ್ದ ಸುಳ್ಯ, ಪುತ್ತೂರು ಕಡೆಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಫಸಲಿನ ರೂಪದಲ್ಲಿ ಕೊಡುತ್ತಿದ್ದ ಕಂದಾಯ ಇನ್ನು ನಗದಾಗಿಯೇ ಬೇಕು ಎಂದು ಹಟ ಹಿಡಿದರು. ರೈತರ ಕೈಯಲ್ಲಿ ಕಾಸೆಲ್ಲಿತ್ತು? 1837ರಲ್ಲಿ ಜನ ಎದ್ದರು. ಕೊಡಗಿನ ರಾಜವಂಶದವನೆಂದು ಜನ ನಂಬಿದ್ದ ಕಲ್ಯಾಣಸ್ವಾಮಿಯ ಹೆಸರಿನಲ್ಲಿ, ಕೆದಂಬಾಡಿ ರಾಮಯ್ಯಗೌಡರ ಮುಂದಾಳತ್ವದಲ್ಲಿ. ಬೆಳ್ಳಾರೆಯ ಖಜಾನೆ ಹಿಡಿದು, ಏಪ್ರಿಲ್ 5ಕ್ಕೆ ಮಂಗಳೂರು ಸೇರಿ, ಈ ಗುಡ್ಡದ ಮೇಲೆ ತಮ್ಮ ಬಾವುಟ ಏರಿಸಿದರು. 13 ದಿನ ಊರು ಅವರದಾಗಿತ್ತು. ಆಮೇಲೆ ಕಂಪನಿಯ ಸೈನ್ಯ ಬಂತು. ಬಿಕರ್ನಕಟ್ಟೆಯಲ್ಲಿ ನೇಣುಗಂಬ ಎದ್ದಿತು.

ನಮ್ಮ ಅಜ್ಜಿ ಇದನ್ನು ‘ಕಲ್ಯಾಣಪ್ಪನ ಕಾಟಕಾಯಿ’ ಎನ್ನುತ್ತಿದ್ದರು, ಯಾವುದೋ ಲೂಟಿಯ ಕತೆ ಹೇಳುವ ಹಾಗೆ. ಗೆದ್ದವರು ಬಳಿದ ಮಸಿ ನಮ್ಮವರ ಬಾಯಲ್ಲೇ ಅಷ್ಟು ಕಾಲ ಉಳಿಯಿತಲ್ಲ ಎಂದು ನನಗೆ ಈಗಲೂ ಸಂಕಟ. ಹೋರಾಟದ ಹೆಸರು ಕೆಟ್ಟರೂ ಗುಡ್ಡದ ಹೆಸರು ಮಾತ್ರ ನಿಜವನ್ನೇ ಹೇಳುತ್ತಾ ಬಂತು. 2022ರ ನವೆಂಬರಿನಲ್ಲಿ ರಾಮಯ್ಯಗೌಡರ ಕಂಚಿನ ಪ್ರತಿಮೆ ಅಲ್ಲಿ ನಿಂತಾಗ ನನ್ನ ಕಣ್ಣು ತುಂಬಿ ಬಂತು.

ಇದು ಕರಾವಳಿಯವರ ಕತೆ, ನಮಗೇನು ಎನ್ನಬೇಡಿ. 1830ರಲ್ಲಿ ನಮ್ಮ ನಗರ (ಬಿದನೂರು) ಸೀಮೆಯ ರೈತರು ಬಂಡೆದ್ದದ್ದೂ ಕಂದಾಯದ ಕಾಟ ತಡೆಯಲಾರದೆಯೇ ಅಲ್ವಾ? ಆ ದಂಗೆಯನ್ನೇ ಮುಂದಿಟ್ಟು ಕಂಪನಿ 1831ರಲ್ಲಿ ಮೈಸೂರಿನ ಆಡಳಿತ ಕಿತ್ತುಕೊಂಡಿತು. ಘಟ್ಟದ ಮೇಲಿನದು, ಕೆಳಗಿನದು ಎರಡನ್ನೂ ಒಟ್ಟಿಗೆ ಹೇಳಿದರೆ ಮಕ್ಕಳಿಗೆ ಚೆನ್ನಾಗಿ ತಿಳಿಯುತ್ತದೆ.

ಶಿಕ್ಷಕರಲ್ಲಿ ನನ್ನ ಕೋರಿಕೆ ಇಷ್ಟೇ. ಹಂಪನಕಟ್ಟೆಯಲ್ಲಿ ಬಸ್ಸಿಳಿಸಿ ಮಕ್ಕಳನ್ನು ನಡೆಸಿಕೊಂಡೇ ಗುಡ್ಡ ಹತ್ತಿಸಿ. ಪ್ರತಿಮೆಯ ಮುಂದೆ ನಿಲ್ಲಿಸಿ ಈ ಕತೆ ಹೇಳಿ. ಬೀಚಿಗೆ ಅರ್ಧ ಗಂಟೆ ತಡವಾದರೂ ಪರವಾಗಿಲ್ಲ.

– ಒಬ್ಬ ಗೃಹಿಣಿ, ವಿನೋಬನಗರ, ಶಿವಮೊಗ್ಗ