ಬಿಳಿ ಕಣ ಜಾಸ್ತಿ ಇದ್ದರೆ ಶಕ್ತಿ ಜಾಸ್ತಿ ಅಲ್ಲ

ಮಾನ್ಯರೇ,

‘ಬಿಳಿ ರಕ್ತಕಣ ಜಾಸ್ತಿ ಇದ್ರೆ ಒಳ್ಳೇದೇ ಅಲ್ವಾ’ ಅಂತ ನಮ್ಮ ಕಡೆ ಈಗಲೂ ಹೇಳುತ್ತಾರೆ. ಲ್ಯುಕೇಮಿಯಾ ಅನ್ನೋ ರಕ್ತದ ಕ್ಯಾನ್ಸರ್‌ನಲ್ಲಿ ಇದು ಉಲ್ಟಾ. ಅದರಲ್ಲಿ ಬಿಳಿ ಕಣ ಲಕ್ಷ ದಾಟಿದರೂ ಅವು ಸೋಂಕಿನ ಜೊತೆ ಹೋರಾಡೋ ಕಣಗಳಲ್ಲ, ಮೂಳೆಯ ಮಜ್ಜೆಯಲ್ಲಿ ಜಾಗ ಹಿಡಿದು ಕೂತು ಒಳ್ಳೆಯ ಕಣ ಹುಟ್ಟೋದಕ್ಕೂ ಬಿಡುವುದಿಲ್ಲ. ವಯಸ್ಸಾದವರಲ್ಲಿ ಹೆಚ್ಚಾಗಿ ಕಾಣುವ ಸಿಎಲ್‌ಎಲ್ ಅನ್ನೋ ಬಗೆಯ ಲ್ಯುಕೇಮಿಯಾದಲ್ಲಿ ಪ್ರತಿಕಾಯ (ರೋಗಾಣುವಿಗೆ ಅಂಟಿ ಅದನ್ನು ತಡೆಯುವ ಪ್ರೋಟೀನ್) ತಯಾರಿಸಬೇಕಾದ ಬಿ ಕಣ ಅನ್ನೋ ಬಿಳಿ ಕಣಗಳೇ ಕೆಟ್ಟಿರುತ್ತವೆ, ಪ್ರತಿಕಾಯ ಕಡಿಮೆಯಾಗುತ್ತದೆ, ಸೋಂಕು ತಗಲಿದ ಕಣಗಳನ್ನು ಕೊಲ್ಲೋ ಟಿ ಕಣ ಅನ್ನೋ ಬಿಳಿ ಕಣಗಳೂ ಸೋತು ಹೋಗುತ್ತವೆ. ಲಸಿಕೆ ಹಾಕಿಸಿದರೂ ಪೂರ್ತಿ ಫಲ ಸಿಗೋದು ಕಷ್ಟ.

ಅರಕಲಗೂಡಿನ ನಮ್ಮ ಚಿಕ್ಕಪ್ಪ ಕೀಮೋ ಮುಗಿಸಿ ಮನೆಗೆ ಬಂದಾಗ ನೋಡೋಕೆ ಬಂದ ನೆಂಟರು ಎಳನೀರು, ಹಣ್ಣು ತಂದರು, ಜೊತೆಗೆ ನೆಗಡಿಯನ್ನೂ ತಂದರು. ಪ್ರೀತಿಯಿಂದ ಬಂದವರಿಗೆ ಬಾಗಿಲಲ್ಲೇ ನಿಲ್ಲಿ ಅನ್ನೋಕಾಗುತ್ತಾ? ರಾತ್ರಿ ಜ್ವರ ಬಂತು, ಮೆಡಿಕಲ್ ಶಾಪ್‌ನಿಂದ ಮಾತ್ರೆ ತಂದು ಕೊಟ್ಟು ಬೆಳಗಾಗಲಿ ಅಂದರು. ಕೀಮೋ ಆದವರಿಗೆ 100.4 ಡಿಗ್ರಿ ಮುಟ್ಟಿದರೆ ಕಾಯಬಾರದು, ಸುಮ್ನೆ ಮಾತ್ರೆ ನುಂಗಿದರೆ ಜ್ವರ ಇಳಿದ ಹಾಗೆ ಕಾಣುತ್ತದೆ, ಒಳಗೆ ಸೋಂಕು ಬೆಳೆಯುತ್ತಲೇ ಇರುತ್ತದೆ.

ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್‌ನವರು ಸೇರಿ ರೂಪಿಸಿದ, ರೋಗಿಯ ಟಿ ಕಣಗಳನ್ನೇ ತಿದ್ದಿ ವಾಪಸ್ ಕೊಡುವ ಚಿಕಿತ್ಸೆಗೆ 2023ರಲ್ಲಿ ಅನುಮತಿ ಸಿಕ್ಕಿದೆ. ಸಂತೋಷ. ಆದರೆ ಹಾಸನದ ಹಳ್ಳಿಯವರಿಗೆ ಮೊದಲು ಬೇಕಿರೋದು ಇನ್ನೂ ಸಣ್ಣದು: ಇಂಥ ರೋಗಿ ಜ್ವರ ಅಂತ ತಾಲ್ಲೂಕು ಆಸ್ಪತ್ರೆಗೆ ಬಂದರೆ ಚೀಟಿಯ ಸಾಲಿನಲ್ಲಿ ನಿಲ್ಲಿಸದೆ ನೇರವಾಗಿ ಒಳಗೆ ಕರೆಯಲಿ.

– ಓದುಗ, ಹಾಸನ